ಟ್ರೆಡ್ಸ್: ಸಣ್ಣ ಉದ್ಯಮಗಳ ಬಾಕಿ ಬಿಲ್ಲುಗಳಿಗೆ ವಟ್ಟದ ವ್ಯವಸ್ಥೆ

ದೊಡ್ಡ ಕಂಪನಿಗಳಿಗೂ ಸರ್ಕಾರಿ ಸಂಸ್ಥೆಗಳಿಗೂ ಸರಕು ಒಪ್ಪಿಸಿದ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳು, ಹಣಕ್ಕಾಗಿ ತಿಂಗಳುಗಟ್ಟಲೆ ಕಾಯುವುದರ ಬದಲು, ಆ ಬಾಕಿಯ ಬಿಲ್ಲುಗಳನ್ನು ವಿದ್ಯುನ್ಮಾನ ಹರಾಜಿನಲ್ಲಿ ಬ್ಯಾಂಕುಗಳಿಗೆ ವಟ್ಟಕ್ಕೆ ಕೊಟ್ಟು ಕೂಡಲೆ ನಗದು ಪಡೆಯುವಂತೆ ಭಾರತದಲ್ಲಿ ಏರ್ಪಟ್ಟಿರುವ ವ್ಯವಸ್ಥೆ. ಪೂರ್ಣ ಹೆಸರು ಟ್ರೇಡ್ ರಿಸೀವಬಲ್ಸ್ ಡಿಸ್ಕೌಂಟಿಂಗ್ ಸಿಸ್ಟಂ. ಭಾರತೀಯ ರಿಸರ್ವ್ ಬ್ಯಾಂಕು 2014ರ ಡಿಸೆಂಬರಿನಲ್ಲಿ ಇದರ ಮಾರ್ಗಸೂಚಿಗಳನ್ನು ಪ್ರಕಟಿಸಿತು. 2017ರಲ್ಲಿ ವ್ಯವಹಾರ ಆರಂಭವಾಯಿತು.

ಸಣ್ಣ ಉದ್ಯಮವನ್ನು ಮುಚ್ಚಿಸುವುದು ನಷ್ಟವೊಂದೇ ಅಲ್ಲ. ಲೆಕ್ಕದ ಪುಸ್ತಕದಲ್ಲಿ ಲಾಭ ಕಾಣುತ್ತಿರುವಾಗಲೇ, ಬರಬೇಕಾದ ಹಣ ಪರರ ಕೈಯಲ್ಲಿ ಸಿಕ್ಕಿಬಿದ್ದು, ಶನಿವಾರದ ಬಟವಾಡೆಗೆ ಕಾಸಿಲ್ಲದೆ ಬಾಗಿಲು ಹಾಕಬೇಕಾದ ಪ್ರಸಂಗ ಒದಗುವುದುಂಟು. ಬೆಂಗಳೂರಿನ ಪೀಣ್ಯದಲ್ಲಿ ಎರಡು ಲೇತುಗಳನ್ನೂ ಒಂದು ಮಿಲ್ಲಿಂಗ್ ಯಂತ್ರವನ್ನೂ ಇಟ್ಟುಕೊಂಡು ಜಾಬ್‌ವರ್ಕ್ ಮಾಡುವವನಿಗೆ ಉಕ್ಕಿನ ವ್ಯಾಪಾರಿ ಕಡ ಕೊಡುವುದಿಲ್ಲ, ವಿದ್ಯುತ್ತಿನ ಬಿಲ್ಲು ಕಾಯುವುದಿಲ್ಲ. ಆದರೆ ಅವನ ಬಿಡಿಭಾಗಗಳನ್ನು ಕೊಂಡ ಕಾರ್ಖಾನೆ ಮಾತ್ರ ತೊಂಬತ್ತು ದಿನ ನಿಶ್ಚಿಂತೆಯಿಂದ ಇರಬಲ್ಲುದು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿಯ 2006ರ ಕಾಯಿದೆಯು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಬಾಕಿಯನ್ನು ಹೆಚ್ಚೆಂದರೆ 45 ದಿನಗಳೊಳಗೆ ತೀರಿಸತಕ್ಕದ್ದೆಂದೂ, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರತಕ್ಕದ್ದೆಂದೂ ವಿಧಿಸಿದೆ. ವಿಧಿ ಒಳ್ಳೆಯದೇ, ಆದರೆ ನಾಳೆಯ ಆರ್ಡರು ಕೊಡಬೇಕಾದವನ ಮೇಲೆ ಇಂದು ದೂರು ಹೂಡುವ ಧೈರ್ಯ ಯಾರಿಗಿದೆ? ಕಾಯಿದೆ ಕೊಟ್ಟ ಹಕ್ಕನ್ನು ವೈರವಿಲ್ಲದೆ ನಗದಾಗಿಸಿಕೊಳ್ಳುವ ಉಪಾಯವೇ ಟ್ರೆಡ್ಸ್.

ಈ ಕಲ್ಪನೆಯೇ ಒಂದು ಆರ್ಥಿಕ ದುರವಸ್ಥೆಯ ತರುವಾಯ ರೂಪುಗೊಂಡಿತು. 1994-95ರ ಪೆಸೋ ಪತನದಿಂದ ಜರ್ಜರಿತವಾದ ಮೆಕ್ಸಿಕೋದ ಬ್ಯಾಂಕುಗಳು ಸಣ್ಣವರಿಗೆ ಸಾಲ ಕೊಡಲು ವರ್ಷಗಟ್ಟಲೆ ಹಿಂಜರಿದುವು. ಅಲ್ಲಿನ ಸರ್ಕಾರಿ ಅಭಿವೃದ್ಧಿ ಬ್ಯಾಂಕಾದ ನಾಸಿಯೋನಾಲ್ ಫಿನಾನ್ಸಿಯೇರಾ 2001ರಲ್ಲಿ, ದೊಡ್ಡ ಕೊಳ್ಳುಗರು ಒಪ್ಪಿದ ಬಿಲ್ಲುಗಳನ್ನು ಅಂತರಜಾಲದ ಮೂಲಕ ಸಾಲದಾತರಿಗೆ ಮಾರುವ ಕ್ರಮವನ್ನು ಜಾರಿಗೆ ತಂದಿತು.

ಭಾರತದ ಕ್ರಮವೂ ಇದೇ ತತ್ತ್ವದ್ದು. ಹತ್ತು ಲಕ್ಷ ರೂಪಾಯಿಯ, ತೊಂಬತ್ತು ದಿನ ವಾಯಿದೆಯ ಒಂದು ಬಿಲ್ಲನ್ನು ಮಾರಾಟಗಾರನು ಹರಾಜು ನಡೆಯುವ ಟ್ರೆಡ್ಸ್ ವೇದಿಕೆಗೆ ಏರಿಸಿದನೆಂದು ಇಟ್ಟುಕೊಳ್ಳೋಣ. ಕೊಳ್ಳುಗ ಕಂಪನಿಯು ಸರಕು ಬಂದಿದೆ, ಹಣ ಕೊಡುತ್ತೇವೆ ಎಂದು ಒಪ್ಪಿಗೆ ಹಾಕಿದೊಡನೆ ಬ್ಯಾಂಕುಗಳು ಪೈಪೋಟಿಯಿಂದ ದರ ಕೂಗುತ್ತವೆ. ವಾರ್ಷಿಕ ಶೇಕಡಾ 8ರ ದರವನ್ನು ಮಾರಾಟಗಾರನು ಒಪ್ಪಿದರೆ ಸುಮಾರು 19,700 ರೂಪಾಯಿ ವಟ್ಟ ಮುರಿದು, ಉಳಿದ ಹಣ ಸಾಮಾನ್ಯವಾಗಿ ಮರುದಿನವೇ ಅವನ ಖಾತೆಗೆ ಜಮೆಯಾಗುತ್ತದೆ. ವಾಯಿದೆಯ ದಿನ ಕೊಳ್ಳುಗನ ಖಾತೆಯಿಂದ ಬ್ಯಾಂಕಿಗೆ ಪೂರ್ತಿ ಹಣ ಸಂದಾಯವಾಗುತ್ತದೆ. ಕೊಳ್ಳುಗನು ಕಟ್ಟದೆ ಹೋದರೂ ಬ್ಯಾಂಕು ಮಾರಾಟಗಾರನನ್ನು ಕೇಳುವಂತಿಲ್ಲ. ಆದಕಾರಣ ಸಾಲದಾತನು ನೋಡುವುದು ಲೇತಿನ ಮಾಲೀಕನ ಆಸ್ತಿಯನ್ನಲ್ಲ, ದೊಡ್ಡ ಕಂಪನಿಯ ಸಾಲಾರ್ಹತೆಯನ್ನು. ಅಡಮಾನಕ್ಕೆ ಸೈಟಿನ ಪತ್ರವಿಲ್ಲದವನಿಗೂ ಅಗ್ಗದ ದರ ದೊರೆಯುವ ರಹಸ್ಯ ಇಲ್ಲಿದೆ. ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕಾದ ಸಿಡ್ಬಿ ಮತ್ತು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಕೂಡಿ ಸ್ಥಾಪಿಸಿದ ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್ ಮತ್ತು ಇನ್‌ವಾಯ್ಸ್‌ಮಾರ್ಟ್ ಮೊದಲು ಪರವಾನಗಿ ಪಡೆದ ವೇದಿಕೆಗಳು.

2020ರ ಮಾರ್ಚ್ 25ರಂದು ಕೋವಿಡ್ ಲಾಕ್‌ಡೌನಿನಿಂದ ದೇಶವೇ ಸ್ತಬ್ಧವಾದಾಗ ಸರ್ಕಾರ ಮತ್ತು ರಿಸರ್ವ್ ಬ್ಯಾಂಕು ಒದಗಿಸಿದ ಮುಖ್ಯ ಉಪಶಮನಗಳು, ಕಂತುಗಳ ಮುಂದೂಡಿಕೆ ಮತ್ತು ಮೇ ತಿಂಗಳಲ್ಲಿ ಘೋಷಿತವಾದ 3 ಲಕ್ಷ ಕೋಟಿ ರೂಪಾಯಿಯ ಖಾತರಿ ಸಾಲ. ಇವೆರಡೂ ಋಣವನ್ನು ಮುಂದಕ್ಕೆ ಸಾಗಿಸಿದುವು ಇಲ್ಲವೆ ಬೆಳೆಸಿದುವು. ಟ್ರೆಡ್ಸ್ ಕೊಡುವುದಾದರೋ ಉದ್ಯಮಿಯು ದುಡಿದು ಗಳಿಸಿದ ಹಣವನ್ನೇ. ಈ ಭೇದವು ಅಲ್ಪವಾದದ್ದಲ್ಲ. ಆದರೂ ಇದರ ಮಿತಿಯನ್ನು ಮರೆಮಾಚಲಾಗದು: ಕೆಲಸವೇ ನಿಂತಾಗ ಬಿಲ್ಲು ಹುಟ್ಟುವುದಿಲ್ಲ, ಹುಟ್ಟಿದ ಬಿಲ್ಲಿಗೂ ಕೊಳ್ಳುಗನ ಒಪ್ಪಿಗೆ ಬೀಳುವ ತನಕ ಬೆಲೆಯಿಲ್ಲ, ಮತ್ತು ತನ್ನ ನಗದನ್ನು ಕಾಯ್ದುಕೊಳ್ಳಲು ಹವಣಿಸುವ ಕಂಪನಿಗೆ ಆ ಒಪ್ಪಿಗೆಯನ್ನು ತಡಮಾಡುವುದೇ ಸುಲಭದ ದಾರಿ.

500 ಕೋಟಿ ರೂಪಾಯಿಗೂ ಮೀರಿದ ವಹಿವಾಟಿನ ಕಂಪನಿಗಳು ಟ್ರೆಡ್ಸ್‌ನಲ್ಲಿ ನೋಂದಾಯಿಸಿಕೊಳ್ಳಲೇಬೇಕೆಂದು 2018ರಲ್ಲಿ ವಿಧಿಸಲಾಗಿತ್ತು. 2024ರ ನವೆಂಬರಿನಲ್ಲಿ ಆ ಮಿತಿಯನ್ನು 250 ಕೋಟಿಗೆ ಇಳಿಸಲಾಯಿತು. ಫ್ಯಾಕ್ಟರಿಂಗ್ (ಬಾಕಿ ಬಿಲ್ಲುಗಳ ಖರೀದಿ) ನಿಯಂತ್ರಣ ಕಾಯಿದೆಯ 2021ರ ತಿದ್ದುಪಡಿಯಿಂದ ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಗೂ ಇಂಥ ಬಿಲ್ಲು ಖರೀದಿಯ ಬಾಗಿಲು ವಿಶಾಲವಾಗಿ ತೆರೆಯಿತು. ನೋಂದಣಿ ಕಡ್ಡಾಯವಾದರೂ ಬಂದ ಪ್ರತಿಯೊಂದು ಬಿಲ್ಲನ್ನೂ ವೇದಿಕೆಯ ಮೇಲೆ ಒಪ್ಪಬೇಕೆಂಬ ನಿರ್ಬಂಧ ಕಂಪನಿಗಿಲ್ಲವೆಂಬುದು ಆ ನೋಂದಣಿ ವಿಧಿಯ ನ್ಯೂನತೆ. ದೊಡ್ಡ ಕಂಪನಿಗೆ ನೇರವಾಗಿ ಮಾರದೆ ಮತ್ತೊಬ್ಬ ಸಣ್ಣ ಉದ್ಯಮಿಗೆ ಬೋಲ್ಟು, ಬುಷ್ ಮಾಡಿಕೊಡುವವನ ಸ್ಥಿತಿ ಇನ್ನೂ ಕಠಿನವಾದದ್ದು. ಅವನ ಕೊಳ್ಳುಗನ ಒಪ್ಪಿಗೆಯನ್ನು ನಂಬಿ ದರ ಕೂಗುವ ಬ್ಯಾಂಕು ಸಿಗುವುದು ದುರ್ಲಭ.