ಕವಲೇದುರ್ಗದ ಅರಮನೆಯೂ ನಮ್ಮ ಕರಿಮೆಣಸೂ

ಮಂಗಳೂರು–ಹಾಸನ ರೈಲುಮಾರ್ಗ ಪೂರ್ತಿಯಾಗಿ ನಮ್ಮ ನೆಟ್ಟಣದಿಂದ ರೈಲು ಘಟ್ಟ ಹತ್ತಿದ್ದು 1979ರಲ್ಲಿ. ಅದಕ್ಕೂ ಎಷ್ಟೋ ಶತಮಾನ ಮೊದಲಿನಿಂದ ಘಟ್ಟ ಹತ್ತಿ ಇಳಿದದ್ದು ಹೇರೆತ್ತುಗಳು. ಇಳಿಯುವಾಗ ಕರಿಮೆಣಸು, ಅಡಿಕೆ. ಹತ್ತುವಾಗ ಉಪ್ಪು, ಒಣಮೀನು. ಈ ಹಾದಿಗಳನ್ನು ಹಿಡಿದವರಿಗೆ ರಾಜ್ಯವೂ ಸಿಕ್ಕಿತು. ಹಾಗೆ ಬೆಳೆದವರು ಕೆಳದಿಯ ಅರಸರು. ಅವರ ಒಂದು ಅರಮನೆಯ ಅವಶೇಷ ನೋಡಲು ನಾವು ಸಂಘದ ಸದಸ್ಯರು ಕಾರ್ಕಳ, ಹೆಬ್ರಿ ದಾಟಿ, ಆಗುಂಬೆಯ ಹದಿನಾಲ್ಕು ತಿರುವು ಹತ್ತಿ, ತೀರ್ಥಹಳ್ಳಿ ತಾಲೂಕಿನ ಕವಲೇದುರ್ಗಕ್ಕೆ ಹೋಗಿದ್ದೆವು.

ಗುಡ್ಡದ ಮೇಲೆ ಮೂರು ಸುತ್ತಿನ ಕೋಟೆ. ಹಾಸುಗಲ್ಲಿನ ದಾರಿ ಮಳೆಗಾಲದಲ್ಲಿ ಜಾರುತ್ತದೆ, ಪ್ರಾಯದವರು ಜಾಗ್ರತೆ. ಮೇಲೆ ಹೋದರೆ ಅರಮನೆ ಅಂತ ಗೋಡೆ, ಮಾಡು ಏನೂ ಇಲ್ಲ. ಮರವೆಲ್ಲ ಹೋಗಿ ಕಲ್ಲಿನ ಪಂಚಾಂಗ ಮಾತ್ರ ಉಳಿದಿದೆ. ಆದರೆ ಆ ಪಂಚಾಂಗದಲ್ಲೇ ಮನೆ ಓದಬಹುದು: ಇದು ಅಂಗಳ, ಇದು ಬಚ್ಚಲು, ಇದು ನೀರು ಹೋಗುವ ಕಣಿ. ಅಡುಗೆಕೋಣೆಯಲ್ಲಿ ಐದು ಪಾತ್ರೆ ಒಟ್ಟಿಗೆ ಇಡುವ ಕಲ್ಲಿನ ಒಲೆ ಈಗಲೂ ಉಂಟು. ನಮ್ಮ ಹೆಂಗಸರು ಸಿಂಹಾಸನ ಎಲ್ಲಿತ್ತೆಂದು ಕೇಳಲಿಲ್ಲ, ಒಲೆಯ ಹತ್ತಿರವೇ ನಿಂತರು. ನಮಗೂ ಅದೇ ಸರಿ ಕಂಡಿತು.

ಈ ಒಲೆ ಉರಿದದ್ದು ಯಾರ ಬೆಳೆಯಿಂದ? ವೆಂಕಟಪ್ಪನಾಯಕನ ಕಾಲದಲ್ಲಿ, 1623ರಲ್ಲಿ, ಪೋರ್ಚುಗೀಸರ ರಾಯಭಾರಿಯೇ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ಜೊತೆಗಿದ್ದ ಇಟಲಿಯ ಪಿಯೆತ್ರೊ ದೆಲ್ಲಾ ವಲ್ಲೆ ಅದನ್ನು ಬರೆದಿಟ್ಟಿದ್ದಾನೆ. ಅವರಿಗೆ ಬೇಕಾದದ್ದು ಕರಿಮೆಣಸು. ಗೋವೆಯ ಊಟಕ್ಕೆ ಕರಾವಳಿಯ ಅಕ್ಕಿಯೂ ಬೇಕಿತ್ತು. ಮುಂದೆ ಶಿವಪ್ಪನಾಯಕ 1652–54ರಲ್ಲಿ ಹೊನ್ನಾವರ, ಬಸರೂರು, ಮಂಗಳೂರುಗಳ ಕೋಟೆಗಳನ್ನು ಅವರಿಂದ ಕಿತ್ತುಕೊಂಡ.

ಆದರೆ ಕೋಟೆ ಹಿಡಿದದ್ದಕ್ಕಿಂತ ಅವನ ‘ಶಿಸ್ತು’ ದೊಡ್ಡದೆಂಬುದು ನಮ್ಮ ಅಭಿಪ್ರಾಯ. ಭೂಮಿಯನ್ನು ಐದು ತರಗತಿ ಮಾಡಿ, ಬೀಜ, ಖರ್ಚು, ಹುಟ್ಟುವಳಿ, ಧಾರಣೆ ಎಲ್ಲವನ್ನೂ ವರ್ಷಾನುಗಟ್ಟಲೆ ಲೆಕ್ಕವಿಟ್ಟು, ಸರಾಸರಿ ತೆಗೆದು, ಹುಟ್ಟುವಳಿಯ ಮೂರರಲ್ಲೊಂದು ಪಾಲು ಕಂದಾಯವೆಂದು ಕಟ್ಟಿದ. ಕಡಿಮೆಯೇನಲ್ಲ ಮಾರಾಯ್ರೇ! ಆದರೂ ಒಂದು ವರ್ಷದ ಧಾರಣೆ ನೋಡಿ ಕಟ್ಟಿದ್ದಲ್ಲ ಎಂಬುದು ಅಡಿಕೆ ಬೆಳೆಯುವ ನಮಗೆ ಬೇಗ ತಿಳಿಯುತ್ತದೆ.

1763ರಲ್ಲಿ ಹೈದರಾಲಿ ರಾಜಧಾನಿ ಬಿದನೂರನ್ನು ಹಿಡಿದ, ರಾಣಿ ವೀರಮ್ಮಾಜಿ ಸೆರೆಯಾದಳು, ಕೆಳದಿ ಮುಗಿಯಿತು. ಅಷ್ಟರಲ್ಲಿ ಅಮರಸುಳ್ಯ ಸೀಮೆ ಕೆಳದಿಯವರ ಕೈಯಿಂದ ಕೊಡಗಿನ ಅರಸರಿಗೆ ಹೋಗಿತ್ತು. ಅವರು ಕಂದಾಯವನ್ನು ಧಾನ್ಯದ ರೂಪದಲ್ಲೇ ಪಡೆಯುತ್ತಿದ್ದರು. 1834ರಲ್ಲಿ ಇಂಗ್ಲಿಷರು ಕೊಡಗನ್ನು ತೆಗೆದುಕೊಂಡು ಈ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿ, ಕಂದಾಯ ನಗದಾಗಿಯೇ ಬೇಕು ಅಂದರು. ಕಂತಿನ ಹೊತ್ತಿಗೆ ರೈತನ ಕೈಯಲ್ಲಿ ಭತ್ತವಿತ್ತು, ನಗದು ವ್ಯಾಪಾರಿಯ ಹತ್ತಿರ ಇತ್ತು. ಅವನು ಹೇಳಿದ್ದೇ ಕ್ರಯ. 1837ರಲ್ಲಿ ನಮ್ಮವರು ದಂಗೆಯೆದ್ದು ಮೊದಲು ಹಿಡಿದದ್ದು ಬೆಳ್ಳಾರೆಯ ಖಜಾನೆಯನ್ನು, ಆಮೇಲೆ ಮಂಗಳೂರನ್ನು. ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯನ್ನು 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ನಿಲ್ಲಿಸಿದ್ದಾರೆ.

ಕವಲೇದುರ್ಗಕ್ಕೆ ಒಂದು ಇಡೀ ದಿನ ಬೇಕು. ಬೆಳ್ಳಾರೆ ಇಲ್ಲೇ ಹತ್ತಿರ; ಮುಂದಿನ ಸಲ ಅಲ್ಲಿಗೇ ಹೋಗುವುದೆಂದು ಬಸ್ಸಿನಲ್ಲೇ ತೀರ್ಮಾನವಾಯಿತು.