ಹಿಂಬದಿ ಟಯರಿನ ಅಗಲ: ಒಂದು ಚರಿತ್ರೆ



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ಕುರಿತು ಮಾತನಾಡುವುದು ರೂಢಿ. ಈ ಬಾರಿ ನಾವು ಆ ರೂಢಿಯನ್ನು ಮುರಿದು, ಟ್ರ್ಯಾಕಿನಲ್ಲಿ ಓಡುವ ಮೋಟಾರ್ ಸೈಕಲ್ಲಿನ ಹಿಂಬದಿ ಟಯರನ್ನು ವಿಷಯವಾಗಿ ಆರಿಸಿಕೊಂಡಿದ್ದೇವೆ. ಇದಕ್ಕೆ ಕಾರಣವಿದೆ. ಕಳೆದ ಬೇಸಿಗೆಯಲ್ಲಿ ನಮ್ಮ ಮಿತ್ರರೊಬ್ಬರ ಮಗ, ಇಪ್ಪತ್ತೆರಡರ ತರುಣ, ರೇಸ್ ಟ್ರ್ಯಾಕಿನ ತಿರುವೊಂದರಲ್ಲಿ ಬಿದ್ದು ಕೊರಳೆಲುಬು ಮುರಿದುಕೊಂಡನು. ನೋಡಲು ಹೋದಾಗ ಅವನು ಆಡಿದ ಮೊದಲ ಮಾತು ಇದು: "ಅಂಕಲ್, ಅಗಲದ ಟಯರನ್ನೇ ಹಾಕಿಸಿದ್ದೆ, ಆದರೂ ಜಾರಿತು."

ಅವನದು ಯಮಾಹಾ ಆರ್-3. ಕಾರ್ಖಾನೆಯಿಂದ ಬರುವಾಗ ಅದರ ಹಿಂಬದಿ ಟಯರಿನ ಅಗಲ 140 ಮಿಲಿಮೀಟರು. ಹುಡುಗ ಅದನ್ನು ತೆಗೆಸಿ 160ರದನ್ನು ಹಾಕಿಸಿದ್ದನು. ಅವನ ತಂದೆ ನಮ್ಮನ್ನು ಪಕ್ಕಕ್ಕೆ ಕರೆದು, "ನೀವಾದರೂ ಹೇಳಿ, ಈ ಹುಚ್ಚು ಬಿಡಲಿ" ಎಂದರು. ನಮಗೆ ಹಾಗೆ ಹೇಳಲು ಬಾಯಿ ಬರಲಿಲ್ಲ. "ಆದರೂ" ಎಂಬ ಆ ಒಂದು ಪದವೇ ಕಾಡುತ್ತಿತ್ತು. ಅಗಲವಾದುದು ಹೆಚ್ಚು ಹಿಡಿಯುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂದಿತು?

ಅದರ ಮೂಲವನ್ನು ಹುಡುಕಿದರೆ 1889ನೇ ಇಸವಿಯ ಮೇ ತಿಂಗಳಿನ ಬೆಲ್‌ಫಾಸ್ಟ್ ನಗರಕ್ಕೆ ಹೋಗಬೇಕಾಗುತ್ತದೆ. ಗಾಳಿ ತುಂಬಿದ ಟಯರಿಗೆ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿಯೇ ಪೇಟೆಂಟ್ ಪಡೆದಿದ್ದರೂ ಅದು ಮರೆತೇ ಹೋಗಿತ್ತು. ಅದನ್ನು ಮರಳಿ ಕಂಡುಹಿಡಿದು 1888ರಲ್ಲಿ ಪೇಟೆಂಟ್ ಮಾಡಿಸಿದ ಜಾನ್ ಬಾಯ್ಡ್ ಡನ್‌ಲಪ್ ವೃತ್ತಿಯಿಂದ ಪಶುವೈದ್ಯರು. ಈ ಮಾತನ್ನು ನಾವು ಒಂದಿಷ್ಟು ಬಾಂಧವ್ಯದಿಂದಲೇ ಹೇಳುತ್ತೇವೆ. ಮರುವರ್ಷ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟದಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರನು ಈ ದಪ್ಪ ಟಯರಿನ ಸೈಕಲ್ಲನ್ನು ತಂದಾಗ ಜನ ನಕ್ಕರಂತೆ. ಉಳಿದವರ ಚಕ್ರಗಳಿಗೆ ಇದ್ದುದು ತೆಳುವಾದ ಗಟ್ಟಿ ರಬ್ಬರು. ಹ್ಯೂಮ್ ಗೆದ್ದನು, ನಗು ನಿಂತಿತು. ಗೆಲ್ಲಿಸಿದ್ದು ಒಳಗಿನ ಗಾಳಿ. ನೋಡಿದವರ ಕಣ್ಣಿಗೆ ಬಿದ್ದದ್ದು ಮಾತ್ರ ಹೊರಗಿನ ದಪ್ಪ.

ಆದರೂ ಮುಂದಿನ ಎಂಬತ್ತು ವರ್ಷ ಮೋಟಾರ್ ಸೈಕಲ್ಲುಗಳು ಕಿರಿದಾದ ಟಯರಿನ ಮೇಲೆಯೇ ಓಡಿದವು. ನಮ್ಮ ಪೀಳಿಗೆಯವರಿಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ನೆನಪಿರಬಹುದು. ಅದರ ಹಿಂಬದಿ ಟಯರು ಮೂರೂಕಾಲು ಅಂಗುಲ. ಅದರ ಮೇಲೆ ಮೂವರು ಕುಳಿತು ಚಾಮುಂಡಿ ಬೆಟ್ಟ ಹತ್ತಿದ್ದೇವೆ. ಅಗಲ ಸಾಲದೆಂದು ಯಾರಿಗೂ ಅನ್ನಿಸಿರಲಿಲ್ಲ. 1969ರಲ್ಲಿ ಜಗತ್ತನ್ನು ಬೆರಗುಗೊಳಿಸಿದ 750 ಸಿ.ಸಿ.ಯ ಹೋಂಡಾಕ್ಕೂ ಇದ್ದುದು ನಾಲ್ಕೇ ಅಂಗುಲದ ಟಯರು.

ತೊಂದರೆ ಎದ್ದದ್ದು 1970ರ ದಶಕದಲ್ಲಿ, ಎಂಜಿನ್ನಿನ ಶಕ್ತಿ ಟಯರನ್ನು ಹಿಂದೆ ಹಾಕಿ ಓಡಿದಾಗ. ಫ್ಲೋರಿಡಾದ ಡೇಟೋನಾ ಟ್ರ್ಯಾಕಿನ ತಿರುವುಗಳನ್ನು 31 ಡಿಗ್ರಿ ಓರೆಯಾಗಿ ಕಟ್ಟಲಾಗಿದೆ. ಅಲ್ಲಿ ವೇಗವಾಗಿ ಸಾಗುವಾಗ ವಾಹನವು ನೆಲಕ್ಕೆ ಒತ್ತಲ್ಪಟ್ಟು ಟಯರಿನ ಮೇಲಿನ ಭಾರ ಹೆಚ್ಚುತ್ತದೆ. ಭಾರ ಹೆಚ್ಚಿದಂತೆ ರಬ್ಬರು ಪ್ರತಿ ಸುತ್ತಿನಲ್ಲಿಯೂ ಹೆಚ್ಚು ಬಾಗಿ ನಿಗುರುತ್ತದೆ, ಹಾಗೆ ಬಾಗಿ ನಿಗುರುವುದರಿಂದ ಕಾವು ಹುಟ್ಟುತ್ತದೆ. 1975ರಲ್ಲಿ ಅಭ್ಯಾಸದ ವೇಳೆ ಬ್ರಿಟನ್ನಿನ ಬ್ಯಾರಿ ಶೀನ್ ಗಂಟೆಗೆ ಸುಮಾರು 175 ಮೈಲಿ ವೇಗದಲ್ಲಿದ್ದಾಗ ಹಿಂಬದಿ ಟಯರು ಕೈಕೊಟ್ಟಿತು. ತೊಡೆಯ ಮೂಳೆ, ತೋಳು, ಕೊರಳೆಲುಬು, ಪಕ್ಕೆಲುಬುಗಳು ಮುರಿದವು. ತೊಡೆಯ ಮೂಳೆ ಮುರಿದರೆ ಒಳಗೇ ಒಂದು ಲೀಟರಿಗೂ ಮೀರಿ ರಕ್ತ ಸೋರಬಲ್ಲದು. ಅಂಥ ಗಾಯಾಳುಗಳನ್ನು ತರಬೇತಿಯ ದಿನಗಳ ರಾತ್ರಿ ಪಾಳಿಯಲ್ಲಿ ನೋಡಿದವರಿಗೆ ಅದರ ಅರ್ಥ ತಿಳಿದಿದೆ. ಶೀನ್ ಏಳು ವಾರಗಳಲ್ಲಿ ಮತ್ತೆ ಸ್ಪರ್ಧೆಗೆ ಇಳಿದು 1976 ಮತ್ತು 1977ರಲ್ಲಿ 500 ಸಿ.ಸಿ. ವಿಶ್ವಚಾಂಪಿಯನ್ ಆದುದು ಬೇರೆ ಕಥೆ. ವೈದ್ಯರಾಗಿ ನಾವು ಅದನ್ನು ಯಾರಿಗೂ ಮಾದರಿಯೆಂದು ಹೇಳಲಾರೆವು.

ಟಯರಿನ ನಿಜವಾದ ವೈರಿ ಕಾವು ಎಂಬುದು ಆ ವರ್ಷಗಳಲ್ಲಿ ಮನದಟ್ಟಾಯಿತು. ಹಳೆಯ ಬಗೆಯ ಟಯರಿನಲ್ಲಿ ಎಳೆಗಳು ಅಡ್ಡಡ್ಡವಾಗಿ ಒಂದರ ಮೇಲೊಂದು ಹಾಯ್ದಿರುತ್ತವೆ. ವೇಗ ಏರಿದಂತೆ ಅದು ಉಬ್ಬುತ್ತದೆ, ಎಳೆಗಳು ಪರಸ್ಪರ ತಿಕ್ಕಿ ಬಿಸಿಯಾಗುತ್ತವೆ. 1984ರ ಸುಮಾರಿಗೆ ಮಿಶೆಲಿನ್ ಕಂಪನಿ ಗ್ರ್ಯಾನ್ ಪ್ರಿ ಪಂದ್ಯಗಳಿಗೆ ತಂದ ರೇಡಿಯಲ್ ಟಯರಿನಲ್ಲಿ ಮುಖ್ಯ ಎಳೆಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಸಾಗುತ್ತವೆ. ಅದು ಕಡಿಮೆ ಉಬ್ಬುತ್ತದೆ, ಕಡಿಮೆ ಕಾಯುತ್ತದೆ. ಪಕ್ಕೆ ಗಿಡ್ಡವಾಗಿಯೂ ಮೈ ಅಗಲವಾಗಿಯೂ ಇರುವ ಟಯರನ್ನು ಮಾಡುವುದು ಇದರಿಂದ ಸಾಧ್ಯವಾಯಿತು.

ಆಮೇಲೆ ಅಗಲಕ್ಕೆ ಅಂಕೆಯಿಲ್ಲದಾಯಿತು. 1985ರ ಸುಜುಕಿ ಜಿಎಸ್ಎಕ್ಸ್-ಆರ್ 750ಕ್ಕೆ 140 ಮಿಲಿಮೀಟರು, 1992ರ ಹೋಂಡಾ ಸಿಬಿಆರ್ 900ಕ್ಕೆ 180, 1994ರ ಡುಕಾಟಿ 916ಕ್ಕೆ 190, 2012ರ ಡುಕಾಟಿ ಪಾನಿಗಾಲೆಗೆ 200. ದೊಡ್ಡ ಎಂಜಿನ್ನಿಗೆ ಇದು ಅಗತ್ಯವೇ ಆಗಿತ್ತು. ತಿರುವಿನಿಂದ ಹೊರಬರುವಾಗ ಸುರಿಯುವ ಶಕ್ತಿಯನ್ನೂ ಅದರ ಕಾವನ್ನೂ ಹೆಚ್ಚು ರಬ್ಬರಿನ ಮೇಲೆ ಹಂಚಬೇಕಷ್ಟೆ. ಆದರೆ ಅಂಗಡಿಯ ಗಾಜಿನಾಚೆ ನಿಂತು ನೋಡುವ ಹುಡುಗನಿಗೆ ಕಾಣುವುದು ಅಗಲ, ಕಾವಲ್ಲ.

ನೆಲಕ್ಕೆ ತಾಗುವ ಭಾಗದ ವಿಸ್ತೀರ್ಣ, ಸ್ಥೂಲವಾಗಿ ಹೇಳುವುದಾದರೆ, ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿದಷ್ಟು. ಹಿಂಬದಿ ಚಕ್ರದ ಮೇಲೆ 100 ಕಿಲೋ ಭಾರ, ಒಳಗೆ ಚದರ ಸೆಂಟಿಮೀಟರಿಗೆ 2 ಕಿಲೋ ಒತ್ತಡವಿದ್ದರೆ ಸುಮಾರು 50 ಚದರ ಸೆಂಟಿಮೀಟರು, ಅಂಗೈಗಿಂತ ಚಿಕ್ಕದು. ಟಯರನ್ನು ಅಗಲಮಾಡಿದರೆ ಈ ತುಂಡಿನ ಆಕಾರ ಬದಲಾಗುತ್ತದೆಯೇ ಹೊರತು ವಿಸ್ತೀರ್ಣ ಹೆಚ್ಚೇನೂ ಬೆಳೆಯುವುದಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ವಾಲಿದಾಗ ಅಗಲವಾದ ಟಯರು ನೆಲವನ್ನು ಚಕ್ರದ ನಡುಗೆರೆಯಿಂದ ಹೆಚ್ಚು ದೂರದಲ್ಲಿ ಮುಟ್ಟುತ್ತದೆ. ಆದ್ದರಿಂದ ಅದೇ ತಿರುವನ್ನು ಅದೇ ವೇಗದಲ್ಲಿ ತಿರುಗಲು ಹೆಚ್ಚು ವಾಲಬೇಕಾಗುತ್ತದೆ.

ಅಗಲಕ್ಕಿಂತ ಸೂಕ್ಷ್ಮವಾದುದು ಎರಡನೆಯ ಅಂಕಿ. 190/50 ಎಂದಿದ್ದರೆ ಪಕ್ಕೆಯ ಎತ್ತರ ಅಗಲದ ನೂರಕ್ಕೆ ಐವತ್ತು, ಅಂದರೆ 95 ಮಿಲಿಮೀಟರು. 180/55 ಆದರೆ 99. ಹೆಚ್ಚು ಅಗಲದ ಟಯರೇ ಇಲ್ಲಿ ಗಿಡ್ಡ! ಅದನ್ನು ಹಾಕಿದರೆ ವಾಹನದ ಹಿಂಭಾಗ ತಗ್ಗಿ, ತಿರುವಿಗೆ ಬಾಗುವುದು ನಿಧಾನವಾಗುತ್ತದೆ. 2007ರಲ್ಲಿ ಡುಕಾಟಿ 1098 ಬಂದಾಗ ಅಗಲ 190 ಆಗಿಯೇ ಉಳಿದು ಎರಡನೆಯ ಅಂಕಿ 55ಕ್ಕೆ ಏರಿತ್ತು. ಟ್ರ್ಯಾಕಿನಲ್ಲಿ ಓಡುವ 600 ಸಿ.ಸಿ. ಸವಾರರಲ್ಲಿ ಹಲವರು ಐದೂವರೆ ಅಂಗುಲದ ರಿಮ್ಮಿಗೆ 180/60ನ್ನು ಆರಿಸುವುದೂ ಈ ಎತ್ತರಕ್ಕಾಗಿಯೇ.

ರಿಮ್ ಎಂದೆವಲ್ಲ, ನಮ್ಮ ಹುಡುಗನ ಎಡವಟ್ಟು ಅಲ್ಲಿತ್ತು. ಅವನ ಗಾಡಿಯ ಹಿಂಬದಿ ರಿಮ್ಮಿನ ಅಗಲ ನಾಲ್ಕು ಅಂಗುಲ. 160ರ ಟಯರಿಗೆ ಒಗ್ಗುವುದು ನಾಲ್ಕೂವರೆ ಅಂಗುಲದ್ದು. ಕಿರಿದಾದ ರಿಮ್ಮಿನಲ್ಲಿ ಅಂಚುಗಳು ಒಳಕ್ಕೆ ಸೆಳೆಯಲ್ಪಟ್ಟು ಟಯರಿನ ಮೈ ಚೂಪಾಗುತ್ತದೆ. ಹಣ ತೆತ್ತ ಅಗಲದ ಅಂಚು ನೆಲವನ್ನೇ ಸರಿಯಾಗಿ ಮುಟ್ಟುವುದಿಲ್ಲ. ಮೇಲಾಗಿ ನಲವತ್ತು ಅಶ್ವಶಕ್ತಿಯ ಎಂಜಿನ್ನು ಅಷ್ಟು ರಬ್ಬರನ್ನು ಕಾಯಿಸುವುದು ಕಷ್ಟ, ಕಾಯದ ರಬ್ಬರು ಹಿಡಿಯುವುದಿಲ್ಲ. ಅವನು ಬಿದ್ದದ್ದು ಎರಡನೆಯ ಸುತ್ತಿನಲ್ಲಿ. ಇದರಿಂದಲೇ ಬಿದ್ದನೆಂದು ನಾವು ಪ್ರಮಾಣಮಾಡಿ ಹೇಳೆವು. ಯಾವ ಟಯರಾದರೂ ಎರಡನೆಯ ಸುತ್ತಿಗೆ ಪೂರ್ತಿ ಕಾದಿರುವುದಿಲ್ಲ. ಒಂದು ಪ್ರಸಂಗದಿಂದ ಕಾರಣವನ್ನು ತೀರ್ಮಾನಿಸಬಾರದೆಂದು ನಮಗೆ ಕಲಿಸಿದ್ದಾರೆ.

ಎಲುಬು ಕೂಡಿಕೊಳ್ಳುತ್ತಿದ್ದ ವಾರಗಳಲ್ಲಿ ಇದನ್ನೆಲ್ಲ ಅವನಿಗೆ ಹೇಳಿದೆವು. ರಿಮ್ಮಿನ ಮೇಲಿನ ಅಚ್ಚನ್ನೂ ತಯಾರಕರ ಪಟ್ಟಿಯನ್ನೂ ಅವನೇ ಹೋಲಿಸಿ ನೋಡಿದನು. ಈ ವಸಂತದಲ್ಲಿ 140ರ ಟಯರಿಗೆ ಮರಳಿದ್ದಾನೆ; ಓಟಕ್ಕೆ ಮುನ್ನ ಟಯರಿಗೆ ಹೊದಿಸಿ ಕಾಯಿಸುವ ವಿದ್ಯುತ್ ಹೊದಿಕೆಯನ್ನೂ ಕೊಂಡಿದ್ದಾನೆ. ಅವನ ತಂದೆ ನಮ್ಮೊಡನೆ ಒಂದು ತಿಂಗಳು ಮಾತು ಬಿಟ್ಟಿದ್ದರು. ಹೋದ ಭಾನುವಾರ ಅವರೂ ಟ್ರ್ಯಾಕಿಗೆ ಹೋಗಿ ಬೇಲಿಯಾಚೆ ನಿಂತು ನೋಡಿ ಬಂದರಂತೆ.