ಏಳನೆಯ ಭೇಟಿಯ ಹೊತ್ತಿಗೆ: ಸಂಬಂಧಗಳಲ್ಲಿ ಸ್ವಮೋಹದ ಗುರುತುಗಳು

ಕೆನಡಾದ ಮನೋವಿಜ್ಞಾನಿ ಡೆಲ್ರಾಯ್ ಪೌಲಸ್ 1998ರಲ್ಲಿ ಪ್ರಕಟಿಸಿದ ಅಧ್ಯಯನದ ವಿಧಾನ ಬಲು ಸರಳ. ವಿದ್ಯಾರ್ಥಿಗಳನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿ, ಪ್ರತಿ ಸಲ 20 ನಿಮಿಷದಂತೆ ಏಳು ಸಲ ಚರ್ಚೆಗೆ ಬಿಟ್ಟರು. ತಮ್ಮನ್ನು ಇರುವುದಕ್ಕಿಂತ ಹಿರಿದಾಗಿ ಎಣಿಸಿಕೊಳ್ಳುವವರು ಮೊದಲ ಸಲ ಎಲ್ಲರಿಗೂ ಹಿಡಿಸಿದರು. ಜಾಣರು, ಒಳ್ಳೆಯವರು ಎನಿಸಿಕೊಂಡರು. ಏಳನೆಯ ಸಲಕ್ಕೆ ಅದೇ ಗುಂಪಿಗೆ ಅವರು ಬೇಡವಾಗಿದ್ದರು.

ನಾರ್ಸಿಸಿಸಂ, ಅಂದರೆ ಸ್ವಮೋಹದ ನಡವಳಿಕೆ, ಯಾವುದೇ ಒಂದು ಘಟನೆಯಲ್ಲಿ ಸಿಕ್ಕಿಬೀಳುವಂಥದ್ದಲ್ಲ. ಅದನ್ನು ಹಿಡಿಯಲು ಬೇಕಿರುವುದು ಕಾಲ. ಮೊದಲ ನೋಟವಂತೂ ಇಲ್ಲಿ ದಾರಿ ತಪ್ಪಿಸುತ್ತದೆ. ಮಿಟ್ಯಾ ಬಾಕ್ ಮತ್ತು ಸಂಗಡಿಗರು 2010ರಲ್ಲಿ ಜರ್ಮನಿಯ ವಿದ್ಯಾರ್ಥಿಗಳ ಕುರಿತು ಬರೆದ ಪ್ರಬಂಧ ಇದಕ್ಕೆ ಕಾರಣ ಹುಡುಕಿತು: ಎದ್ದುಕಾಣುವ ಉಡುಪು, ಆತ್ಮವಿಶ್ವಾಸದ ನಿಲುವು, ಮೋಹಕ ಮುಖಭಾವ, ಹಾಸ್ಯ. ಇನ್ನೂ ವಿಚಿತ್ರವೆಂದರೆ, 'ನನಗೆ ಸಲ್ಲಬೇಕಾದದ್ದು ಸಲ್ಲಲೇಬೇಕು' ಎನ್ನುವ, ಇತರರನ್ನು ಬಳಸಿಕೊಳ್ಳುವ ಗುಣವೇ ಮೊದಲ ನೋಟಕ್ಕೆ ಅತಿ ಹೆಚ್ಚು ಮೆಚ್ಚುಗೆ ಗಳಿಸಿತ್ತು. ಮುಂದೆ ಸಂಗಾತಿಯನ್ನು ಹಿಂಡುವುದೂ ಇದೇ ಗುಣ.

ಹಾಗಾದರೆ ಗಮನಿಸಬೇಕಾದ್ದು ಎಲ್ಲಿ? ಹೊಗಳುವಾಗ ಅಲ್ಲ, ಟೀಕೆ ಎದುರಾದಾಗ. ಬ್ರ್ಯಾಡ್ ಬುಶ್‌ಮನ್ ಮತ್ತು ರಾಯ್ ಬಾಮೈಸ್ಟರ್ 1998ರ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಂದ ಪ್ರಬಂಧ ಬರೆಸಿ, ಕೆಲವರ ಬರಹವನ್ನು ತೀರಾ ಕಳಪೆಯೆಂದು ಜರೆದರು. ಆಮೇಲೆ, ಜರೆದವನೆಂದು ಅವರು ನಂಬಿದ್ದ ವ್ಯಕ್ತಿಯ ಕಿವಿಗೆ ಕರ್ಕಶ ಸದ್ದು ಕಳಿಸುವ ಅವಕಾಶ ಕೊಟ್ಟರು. ಸದ್ದನ್ನು ಹೆಚ್ಚು ಏರಿಸಿದವರು ಸ್ವಮೋಹದ ಅಳತೆಯಲ್ಲಿ ಮೇಲಿದ್ದವರು. ಬರಿಯ ಆತ್ಮಗೌರವಕ್ಕೂ ಈ ಸಿಟ್ಟಿಗೂ ನಂಟು ಕಾಣಲಿಲ್ಲ. ಮನೆಯೊಳಗೆ ಸದ್ದಿನ ಯಂತ್ರವಿರುವುದಿಲ್ಲ ನಿಜ; ದಿನಗಟ್ಟಲೆ ಮಾತು ಬಿಡುವುದು, ನೆಂಟರೆದುರು ಲೇವಡಿ ಮಾಡುವುದು, ಖರ್ಚಿಗೆ ಕೈಬಿಗಿಯುವುದು ಇರುತ್ತದೆ.

ಇನ್ನೊಂದು ಗುರುತು, ಎದುರಿನವರು ಕಂಡದ್ದನ್ನೇ ಸುಳ್ಳೆನ್ನುವುದು. ಪ್ಯಾಟ್ರಿಕ್ ಹ್ಯಾಮಿಲ್ಟನ್ನನ 1938ರ 'ಗ್ಯಾಸ್ ಲೈಟ್' ನಾಟಕದಲ್ಲಿ ಗಂಡ ಗೋಡೆಯ ಚಿತ್ರವನ್ನು ತಾನೇ ತೆಗೆದು ಬಚ್ಚಿಡುತ್ತಾನೆ, ಅಂಗಡಿಯ ಬಿಲ್ಲು ಮಾಯವಾಗುವಂತೆ ಮಾಡುತ್ತಾನೆ, ಆಮೇಲೆ ಹೆಂಡತಿಯನ್ನೇ ಗದರುತ್ತಾನೆ. ಅವನು ಮೇಲಂತಸ್ತಿನಲ್ಲಿ ಕದ್ದು ದೀಪ ಹೊತ್ತಿಸಿದಾಗಲೆಲ್ಲ ಕೆಳಗೆ ಅವಳ ಕೋಣೆಯ ದೀಪ ಮಂಕಾಗುತ್ತದೆ. ತನ್ನ ಕಣ್ಣನ್ನೇ ನಂಬಲಾಗದ ಸ್ಥಿತಿಗೆ ಅವಳು ಬಂದಿರುತ್ತಾಳೆ. 'ಗ್ಯಾಸ್‌ಲೈಟಿಂಗ್' ಎಂಬ ಹೆಸರು ಬಂದದ್ದು ಇಲ್ಲಿಂದಲೇ. ಆದರೆ ನಾಟಕದ ಗಂಡ ಒಡವೆಯ ಆಸೆಗೆ ಲೆಕ್ಕ ಹಾಕಿ ನಟಿಸುವ ಕಳ್ಳ. ಸ್ವಮೋಹಿ ಎಷ್ಟೋ ಸಲ ತಾನು ಹೇಳಿದ್ದನ್ನು ತಾನೇ ನಂಬಿರುತ್ತಾನೆ, ಇಲ್ಲವೇ ನಂಬಿರುತ್ತಾಳೆ. ವಾದಕ್ಕಿಳಿದವರು ಸೋಲುವುದು ಅದಕ್ಕೇ.

ಸಂಶೋಧಕಿ ಜೆನಿಫರ್ ಫ್ರೈಡ್ 1997ರಲ್ಲಿ ಗುರುತಿಸಿದ ವರಸೆಯೂ ಇಂಥದೇ. ಮೊದಲು ಅಲ್ಲಗಳೆಯುವುದು, ಆಮೇಲೆ ದೂರಿದವರ ಮೇಲೆ ಹರಿಹಾಯುವುದು, ಕೊನೆಗೆ ತಾನೇ ನೊಂದವನೆಂದು ಗೋಳಾಡುವುದು. ಕೇಳಲು ಹೋದವರು ಕ್ಷಮೆ ಕೇಳಿ ಬರುತ್ತಾರೆ.

ಇಷ್ಟರಿಂದ ಒಬ್ಬರಿಗೆ ರೋಗದ ಹೆಸರು ಅಂಟಿಸಲಾಗದು. ಇಂದು ಸಿಡುಕು ಸ್ವಭಾವದ ಅತ್ತೆಯಿಂದ ಹಿಡಿದು ಕಚೇರಿಯ ಮೇಲಧಿಕಾರಿಯವರೆಗೆ ಎಲ್ಲರಿಗೂ ಈ ಪಟ್ಟ ಕಟ್ಟುವುದು ರೂಢಿಯಾಗಿದೆ, ಇದು ಅನ್ಯಾಯ. ಅಮೆರಿಕದ ಮನೋವೈದ್ಯರ ಕೈಪಿಡಿ 1980ರ ಮೂರನೆಯ ಆವೃತ್ತಿಯಲ್ಲಿ ಸ್ವಮೋಹವನ್ನು ವ್ಯಕ್ತಿತ್ವದ ದೋಷವಾಗಿ ಸೇರಿಸಿತು. 2013ರ ಐದನೆಯ ಆವೃತ್ತಿಯ ಪ್ರಕಾರ ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಇರಬೇಕು, ಅವು ಬದುಕಿನ ನಾನಾ ಸಂದರ್ಭಗಳಲ್ಲಿ ಬಹುಕಾಲ ಉಳಿದು ಬಂದಿರಬೇಕು.

ನ್ಯಾಯಾಲಯಕ್ಕೆ ಈ ಹೆಸರಿನ ಹಂಗಿಲ್ಲ. ಭಾರತದ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅವಮಾನ, ಅಪಹಾಸ್ಯ, ಮಕ್ಕಳಿಲ್ಲವೆಂದು ಹಂಗಿಸುವುದು ಮಾನಸಿಕ ಹಿಂಸೆಯ ಪಟ್ಟಿಯಲ್ಲೇ ಇವೆ. ಇಂಗ್ಲೆಂಡಿನ 2015ರ ಕಾನೂನು ಸಂಗಾತಿಯನ್ನು ಹತೋಟಿಯಲ್ಲಿಡುವ ನಡವಳಿಕೆಯನ್ನು ಅಪರಾಧವೆಂದಿತು. ಆದರೆ ಅದು ಪದೇ ಪದೇ ಇಲ್ಲವೇ ಸತತವಾಗಿ ನಡೆದಿರಬೇಕು ಎಂಬ ಷರತ್ತನ್ನೂ ಹಾಕಿತು.